ಎಡಗಡೆಯ ಜೇಬು

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ 5:45, ಹೊಳಲ್ಕೆರೆ ಬಸ್ ಸ್ಟ್ಯಾಂಡ್

ಟಿಕೆಟ್ ಮಿಷನ್ ಇವತ್ತೂ ಮುನಿಸು. ಆನ್ ಮಾಡಿದರೆ ಒಮ್ಮೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತದೆ. ನಮ್ಮನೆಯವರನ್ನು ಭಾನುವಾರ ಎಬ್ಬಿಸಿದ ಹಾಗೆಯೇ. ಸೆರಗಿನೊಳಗೆ ಸ್ವಲ್ಪ ಹೊತ್ತು ಬೆಚ್ಚಗೆ ಇಟ್ಟುಕೊಂಡೆ, ಎದ್ದಿತು. ಮಿಷನ್ ಎದ್ದಿತು ಅಂತ ಅರ್ಥ. ನಮ್ಮನೆಯವರು ಇನ್ನೂ ಎದ್ದಿರಲಿಕ್ಕಿಲ್ಲ.

ಡ್ರೈವರ್ ತಿಪ್ಪೇರುದ್ರಪ್ಪನವರು ಸ್ಟೇರಿಂಗಿಗೆ ಕೈಮುಗಿದು ನನ್ನ ಕಡೆ ತಲೆ ಅಲ್ಲಾಡಿಸಿದರು. ಅದು ಗುಡ್ ಮಾರ್ನಿಂಗು. ಆರು ವರ್ಷದಿಂದ ಒಂದೇ ಬಸ್ಸಿನಲ್ಲಿದ್ದೇವೆ. ಅವರು ಈವರೆಗೆ ಆಡಿದ ಮಾತನ್ನೆಲ್ಲ ಒಂದು ಟಿಕೆಟಿನ ಬೆನ್ನಿಗೆ ಬರೆಯಬಹುದು. ಜಾಗ ಉಳಿಯುತ್ತದೆ.

ಮನೆಯ ಸುದ್ದಿ—ಮಗಳು ಸಹನಾ ನನ್ನ ಮೇಲೆ ಪ್ರಾಜೆಕ್ಟ್ ಮಾಡುತ್ತಾಳಂತೆ. ಚಿತ್ರದುರ್ಗದ ಡಿಸೈನ್ ಕಾಲೇಜಿನಲ್ಲಿ ಫ್ಯಾಷನ್, ಕೊನೆಯ ವರ್ಷ. ಮಾರ್ಚ್ 22ಕ್ಕೆ ಎಗ್ಸಿಬಿಷನ್. ಆರ್ಕಿಟೆಕ್ಚರ್, ಇಂಟೀರಿಯರ್, ಗ್ರಾಫಿಕ್ಸ್, ಫ್ಯಾಷನ್ ನಾಲ್ಕಕ್ಕೂ ಈ ಸಲ ಒಂದೇ ವಿಷಯ: ಬಸ್ಸು. ಒಬ್ಬರು ಸ್ಟಾಪ್ ಕಟ್ಟಬೇಕು, ಒಬ್ಬರು ಬಸ್ಸಿನ ಒಳಗನ್ನು ಮಾಡಬೇಕು, ಒಬ್ಬರು ಬೋರ್ಡು. ಇವಳ ಪಾಲಿಗೆ ಲೇಡಿ ಕಂಡಕ್ಟರ್ ಯೂನಿಫಾರ್ಮು. ಮನೆಯಲ್ಲೇ ಒಂದು ಲೇಡಿ ಕಂಡಕ್ಟರ್ ಬಿಟ್ಟಿ ಸಿಕ್ಕಿದೆ.

ನಗುತ್ತಾ ಬರೆಯುತ್ತಿದ್ದೇನೆ, ಒಳಗೆ ಅಷ್ಟು ನಗು ಇಲ್ಲ. ಕಳೆದ ಸೆಮಿಸ್ಟರಿನಲ್ಲಿ ನವಿಲಿನ ಬಣ್ಣದ್ದೊಂದು ಗೌನು ಹೊಲಿದಿದ್ದಳು. ಗೈಡು ಪ್ರಸನ್ನಕುಮಾರ್ ಸರ್ ಸುತ್ತ ಒಂದು ರೌಂಡು ಹಾಕಿ, "ಚೆಂದ ಐತಮ್ಮ, ಯಾರು ಹಾಕ್ಕಂತಾರೆ?" ಅಂದರಂತೆ. ಫೇಲ್. ಇದರಲ್ಲೂ ಹೋದರೆ ವರ್ಷವೇ ಹೋಯಿತು.

ಆರು ಐದಾಯಿತು. ರೈಟ್...

ಫೆಬ್ರವರಿ 19, ಬುಧವಾರ. ಸಂಜೆ

ನನ್ನ ಇಂಟರ್‌ವ್ಯೂ ಆಯಿತು. ಅಡುಗೆಮನೆಯಲ್ಲಿ. ನಾನು ರೊಟ್ಟಿ ತಟ್ಟುತ್ತಾ, ಅವಳು ಹಿಟ್ಟಿನ ಡಬ್ಬದ ಮೇಲೆ ಕೂತು, ಕೈಯಲ್ಲಿ ಫಾರಂ.

"ಅಮ್ಮ, ಡ್ಯೂಟಿಲಿ ಏನೇನ್ ತೊಂದ್ರೆ ಅವೆ?"

"ಏನೂ ಇಲ್ಲ."

"ಏನೂ?"

"ಇಪ್ಪತ್ತು ವರ್ಷ ಆತು ಕಣೇ. ಇದ್ದಿದ್ರೆ ಇಷ್ಟೊತ್ತಿಗೆ ನಂಗೂ ಗೊತ್ತಾಗ್ತಿತ್ತು."

ಅವಳು ಬರೆದುಕೊಂಡಳು. ನೋಡಿದೆ. "ತೊಂದರೆ: ಏನೂ ಇಲ್ಲ." ಕೆಳಗೆ ನನ್ನ ಸಹಿ ಬೇರೆ ಹಾಕಿಸಿಕೊಂಡಳು. ಹಿಟ್ಟಿನ ಕೈಯಲ್ಲಿ ಸಹಿ ಮಾಡಿದ್ದೇನೆ, ಕೋರ್ಟಿನಲ್ಲಿ ನಡೆಯುತ್ತದೋ ಇಲ್ಲವೋ.

ಮಿಷನ್ ಕುತ್ತಿಗೆಗೆ ನೇತು ಹಾಕಿ ಹಾಕಿ ಕತ್ತು ಹಿಡಿಯುತ್ತದೆ ಅಂತ ಮಾತ್ರ ಬಾಯಿ ತಪ್ಪಿ ಅಂದೆ. ಕಣ್ಣು ಅರಳಿಸಿದಳು. ಅದಕ್ಕೊಂದು ಜೇಬು ಮಾಡುತ್ತಾಳಂತೆ.

ಆಮೇಲೆ ಮುಖ್ಯ ಬೇಡಿಕೆ ಬಂತು. "ನಾಕು ದಿನ ನಿನ್ನ ಬಸ್ಸಿಗೆ ಬಂದು ಕುಂತು ನೋಡ್ತೀನಿ."

"ಬ್ಯಾಡ."

"ಯಾಕೆ?"

"ಡ್ಯೂಟಿ ಮೇಲೆ ಮನೆಯೋರು ಬ್ಯಾಡ. ಅಷ್ಟೆ."

ಇದು ನಮ್ಮ ಮನೆಯ ಹಳೆಯ ಕಾನೂನು. ನಾನೇ ಮಾಡಿದ್ದು, ನಾನೇ ಕಾಯುತ್ತಿರುವುದು. ಮಗಳು ದಿನಾ ಕಾಲೇಜಿಗೆ ಏಳೂವರೆಯ ಪ್ರೈವೇಟ್ ಬಸ್ಸಿಗೇ ಹೋಗುತ್ತಾಳೆ. ಕಾರಣ ಸರಳ: ಬಸ್ಸಿನಲ್ಲಿ ನನಗೆ ಬೇರೆ ಬಾಯಿ ಇದೆ. ಫುಟ್‌ಬೋರ್ಡಿನಲ್ಲಿ ನೇತಾಡುವವರಿಗೆ ಆ ಬಾಯಿಯೇ ಬೇಕು. ಮಗಳು ಅದನ್ನು ಕೇಳುವುದು ಬೇಡ.

"ಹಂಗಾರೆ ಬಸ್ಸಿನಾಗೆ ಹೆಂಗ್ ನಿಂತ್ಕಂತಿ, ಇಲ್ಲೇ ತೋರ್ಸು."

ನಿಂತೆ. ಬೆನ್ನು ನೆಟ್ಟಗೆ, ಕಾಲು ಜೋಡಿಸಿ, ಗದ್ದ ಮೇಲೆ. ಆಗಸ್ಟ್ ಹದಿನೈದರಂದು ಡಿಪೋದಲ್ಲಿ ಬಾವುಟದ ಎದುರು ನಿಲ್ಲುವ ಹಾಗೆ. ನಾಲ್ಕು ದಿಕ್ಕಿನಿಂದಲೂ ಫೋಟೊ ಹೊಡೆದಳು. ನಾನೂ ಚೆನ್ನಾಗಿಯೇ ಕಂಡೆ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಎಕ್ಸ್‌ಟ್ರಾ ಟ್ರಿಪ್ಪು. ಐವತ್ತೈದು ಸೀಟಿನ ಬಸ್ಸಿನಲ್ಲಿ ನೂರಾ ಹತ್ತು ಭಕ್ತಿ. ಹೆಂಗಸರಿಗೆ ದುಡ್ಡಿಲ್ಲದ ಜೀರೋ ಟಿಕೆಟ್ ಕೊಟ್ಟು ಕೊಟ್ಟು ಬೆರಳಿಗೂ ಉಪವಾಸದ ಸುಸ್ತು.

ಮನೆಗೆ ಬಂದರೆ ಇನ್ನೊಂದು ಪೂಜೆ. ಕಾಲೇಜಿನ ರೂಲ್ಸು ಬಂದಿದೆಯಂತೆ: ಯಾರಿಗಾಗಿ ಬಟ್ಟೆ ಹೊಲಿದಿದ್ದಾರೋ ಅವರೇ ಹಾಕಿಕೊಂಡು ಜ್ಯೂರಿ ಎದುರು ನಡೆಯಬೇಕು. ಬಾಡಿಗೆ ಮಾಡೆಲ್ ನಡೆಯುವುದಿಲ್ಲ. ನೂರರಲ್ಲಿ ನಲವತ್ತು ಮಾರ್ಕ್ಸು ಅದಕ್ಕೇ.

"ನಾನು ಬರಲ್ಲ" ಅಂದೆ.

 ಸಹನಾ ಹೋಗಿ ಅಳತೆ ಟೇಪು ಸುತ್ತಿಡತೊಡಗಿದಳು. ನಿಧಾನವಾಗಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಮ್ಮನೆಯವರು, ಕಲ್ಲೇಶ್ ಅವರು, ಪೇಪರಿನ ಹಿಂದಿನಿಂದ ತೀರ್ಪು ಕೊಟ್ಟರು. "ಹೋಗೇ, ಕೊಟ್ರಮ್ಮ. ಜನ ನಿನ್ನ ನೋಡಾಕೆ ಬಂದ್ರೆ ಒಂದ್ಸಲ ಟಿಕೆಟ್ ತಗಾಣಲ್ಲ ಅಷ್ಟೆ."

ಒಪ್ಪಿಕೊಂಡೆ. 

ಮಾರ್ಚ್ 2, ಭಾನುವಾರ. ಮಧ್ಯಾಹ್ನ

ಬಿಳಿ ಕೋರಾ ಬಟ್ಟೆಯಲ್ಲಿ ಟ್ರಯಲ್ ಕೋಟು. ಹಾಕಿ ನೋಡಿದೆ. ತೋಳು ಸಡಿಲ, ಕೈ ಮೇಲೆತ್ತಿದರೆ ಎಲ್ಲೂ ಹಿಡಿಯಲ್ಲ. ಕಾಲರಿನ ಒಳಗೆ ಬೆವರಿಗೆ ಅಂತ ಮೆತ್ತಗಿನ ಪಟ್ಟಿ. ಇದೆಲ್ಲ ಯಾವಾಗ ಕಲಿತಳು. ಎಡ ಸೊಂಟದ ಮೇಲೆ ಮಿಷನ್ ಜೇಬು. ಎಡಗೈ ಇಳಿಬಿಟ್ಟರೆ ಬೆರಳು ತಾನಾಗಿ ಅದರೊಳಗೆ ಇಳಿಯುತ್ತದೆ.

"ಹನ್ನೊಂದು ಸಲ ಬಿಚ್ಚಿ ಹೊಲಿದೀನಿ ಅಮ್ಮ ಈ ಜೇಬು. ಇದೇ ನನ್ನ ಡಿಸೈನು. ಉಳಿದಿದ್ದೆಲ್ಲ ಬರೀ ಕೋಟು."

"ಚೆನ್ನಾಗೈತೆ" ಅಂದೆ. ನಿಜವಾಗಿ ಅಂದೆ.

ನೀರು ಕುಡಿಯೋಣ ಅಂತ ಒಳಗೆ ಹೋದೆ, ಕೋಟಿನಲ್ಲೇ, ಜೇಬಿನಲ್ಲಿ ಮಿಷನ್ ಬದಲು ಸಾಬೂನಿನ ಡಬ್ಬಿ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಲೋಟ. ಎರಡೂ ಕೈಗೆ ಕೆಲಸ ಬಂದ ಕೂಡಲೇ ನನ್ನ ದೇಹ ತನ್ನ ಪಾಡಿಗೆ ತಾನು ಎಡಕ್ಕೆ ವಾಲಿ ಸೊಂಟವನ್ನು ಫ್ರಿಜ್ಜಿಗೆ ಆನಿಸಿತು. ಕಟಕ್. ಸಾಬೂನಿನ ಡಬ್ಬಿ ಮುರಿಯಿತು.

ಅಲ್ಲೇ ನಿಂತೆ. ನೀರು ಕುಡಿಯುವುದು ಮರೆತು.

ಬಸ್ಸು ಓಡುವಾಗ ಕಂಡಕ್ಟರ್ ಹೇಗೆ ನಿಲ್ಲುತ್ತಾಳೆ? ಒಂದು ಕೈಯಲ್ಲಿ ಮಿಷನ್, ಒಂದು ಕೈಯಲ್ಲಿ ಜನರ ಆಧಾರ್ ಕಾರ್ಡು. ಕಂಬಿ ಹಿಡಿಯಲು ಮೂರನೇ ಕೈ ಯಾವ ದೇವರೂ ಕೊಟ್ಟಿಲ್ಲ. ಸೊಂಟವೇ ಆ ಕೈ. ಸೀಟಿನ ಅಂಚಿಗೆ ಎಡ ಸೊಂಟ ಆನಿಸಿ ಸಿಕ್ಕಿಸಿಕೊಂಡರೆ ಬಸ್ಸು ಎಷ್ಟು ಕುಣಿದರೂ ನಾನು ಕುಣಿಯಲ್ಲ. ದಿನಕ್ಕೆ ಎಷ್ಟು ಸಲ ಹೀಗೆ ಆನಿಸುತ್ತೇನೋ, ಉಸಿರಾಟ ಎಣಿಸಿದವರುಂಟೇ. ಮಗಳು ಕೇಳಿದಾಗ ಅದು ನೆನಪಿಗೇ ಬರಲಿಲ್ಲ. ಬಾವುಟದ ಎದುರು ನಿಂತು ತೋರಿಸಿದೆ.

ಅವಳ ಹನ್ನೊಂದು ಸಲದ ಜೇಬು ಸರಿಯಾಗಿ ಆ ಜಾಗದಲ್ಲೇ ಕೂತಿದೆ.

ಡಬ್ಬಿಯ ಚೂರು ಕಸಕ್ಕೆ ಹಾಕಿದೆ. ಅವಳಿಗೆ ಹೇಳಲಿಲ್ಲ.

ಮಾರ್ಚ್ 5, ಬುಧವಾರ. ದುರ್ಗ ಬಸ್ ಸ್ಟ್ಯಾಂಡ್

ತಿಪ್ಪೇರುದ್ರಪ್ಪನವರ ಸಲಹೆ ಕೇಳಿದೆ. ಇದರ ಮೇಲೆ ಗೊತ್ತಾಗಬೇಕು ನನ್ನ ಸ್ಥಿತಿ. ಟೀ ಕುಡಿಯುತ್ತಾ ಜೇಬಿನ ಕಥೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಟೀ ಮುಗಿಸಿದರು. ಲೋಟ ಇಟ್ಟರು. ಬಾಯಿ ಒರೆಸಿಕೊಂಡರು. ಏನೋ ಬರುತ್ತಿದೆ ಅಂತ ಉಸಿರು ಹಿಡಿದು ಕಾದೆ.

"ಹೇಳ್ಬಿಡ್ರಿ" ಅಂದರು.

ಈ ವರ್ಷದ ಕೋಟಾ ಮುಗಿಯಿತು.

ಮಾರ್ಚ್ 6, ಗುರುವಾರ

ಹೇಳಲು ಹೋದೆ. ಅವಳು ಖಾಕಿ ಬಟ್ಟೆ ಹರಡಿಕೊಂಡು ಗುರುತು ಹಾಕುತ್ತಿದ್ದಳು.

"ಸಹನಾ, ಆ ಜೇಬು... ಸ್ವಲ್ಪ ಮುಂದಕ್ಕೆ ಹಾಕಿದ್ರೆ ಹೆಂಗೆ?"

"ಮುಂದಕ್ಕೆ ಅಂದ್ರೆ ಹೊಟ್ಟೆ ಮೇಲೆ ಬರ್ತೈತೆ. ಕಾಂಗರೂ ಇದ್ದಂಗೆ ಕಾಣ್ತಿ."

"ಬಲಕ್ಕೆ?"

"ಅಮ್ಮ, ನಿನ್ನ ಎಡಗೈ ಅಲ್ಲಿಗೆ ಸಲೀಸಾಗಿ ಹೋಗ್ತೈತೆ. ನೀನೇ ಚೆನ್ನಾಗೈತೆ ಅಂದಿ." ಫಾರಂ ತೆಗೆದು ತೋರಿಸಿದಳು. ದಿನಾಂಕ ಸಮೇತ ಬರೆದಿಟ್ಟಿದ್ದಾಳೆ. "ಟ್ರಯಲ್ 1: ಚೆನ್ನಾಗೈತೆ." ಕೆಳಗೆ ನನ್ನ ಸಹಿ. ನಾನು ಇಷ್ಟು ಸಹಿ ಹಾಕಿದ್ದು ಮದುವೆಯಲ್ಲೂ ಇಲ್ಲ.

"ಯಾಕೆ, ಏನಾದ್ರೂ ತೊಂದ್ರೆ ಆತಾ?"

ಆ ಕಣ್ಣು. ಫೇಲಾದ ದಿನ ಗೌನನ್ನು ಕವರಿನಲ್ಲಿ ತುರುಕಿಕೊಂಡು ಬಂದಿದ್ದಳಲ್ಲ, ಅವತ್ತಿನದೇ ಕಣ್ಣು. ಆಗಲೇ ಅರ್ಧ ತುಂಬಿತ್ತು.

"ಇಲ್ಲ ಬಿಡು. ಸುಮ್ನೆ ಕೇಳ್ದೆ."

ಫುಟ್‌ಬೋರ್ಡಿನ ಹತ್ತು ಗಂಡಸರನ್ನು ಒಂದು ಮಾತಿನಲ್ಲಿ ಇಳಿಸುವವಳು ನಾನು.

ಮಾರ್ಚ್ 9, ಭಾನುವಾರ

ನಡೆಯುವ ಅಭ್ಯಾಸ. ಹಾಲಿನಿಂದ ಹಿತ್ತಿಲ ಬಾಗಿಲವರೆಗೆ. ಪಕ್ಕದ ಮನೆಯ ಶಿವಗಂಗಮ್ಮ ಕುರ್ಚಿ ಹಾಕಿಕೊಂಡು ಕೂತರು. ಅವಲಕ್ಕಿ ತಟ್ಟೆ ಸಮೇತ.

"ಇಪ್ಪತ್ತು ವರ್ಷದಿಂದ ಬಸ್ಸಿನಾಗೆ ಓಡಾಡ್ತಿಯಲ್ಲ ಕೊಟ್ರಮ್ಮ, ಇದೇನ್ ಮಹಾ?"

ನಡೆದೆ. ಸಹನಾ ನಕ್ಕು ನಕ್ಕು ನೆಲಕ್ಕೆ ಕೂತಳು.

"ಅಮ್ಮ, ಕಾಲು ಯಾಕೆ ಅಷ್ಟಗಲ ಇಡ್ತಿ? ಮನೆ ಓಡ್ತಾ ಇಲ್ಲ."

ಅವಳು ಇಷ್ಟು ನಕ್ಕು ಎಷ್ಟು ತಿಂಗಳಾಗಿತ್ತು. ಈಗ ಹೇಳಿದರೆ ಈ ನಗು ಎಲ್ಲಿಗೆ ಹೋಗುತ್ತದೆ... ಸುಮ್ಮನೆ ಇನ್ನೂ ಎರಡು ಸಲ ಅಗಲ ಕಾಲಿನಲ್ಲಿ ನಡೆದೆ.

ಒಂದು ಸಮಾಧಾನ ಹುಡುಕಿಕೊಂಡಿದ್ದೇನೆ. ಎಗ್ಸಿಬಿಷನ್ನಿನಲ್ಲಿ ಬರೀ ನಡೆಯುವುದು. ಸ್ಟೇಜ್ ಅಲ್ಲಾಡಲ್ಲ. ಅಲ್ಲಾಡದಿದ್ದರೆ ಆನಿಸಿಕೊಳ್ಳುವ ಅಗತ್ಯ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಪಾಸು ಮಾಡಿಸಿ ಆಮೇಲೆ ನಿಧಾನವಾಗಿ ಹೇಳಬಹುದು. ಮೊಮ್ಮಕ್ಕಳಾದ ಮೇಲೆ.

ಮಾರ್ಚ್ 12, ಬುಧವಾರ. ದುರ್ಗ, ಮಧ್ಯಾಹ್ನ 2

ಸಮಾಧಾನ ಹೋಯಿತು.

ಬಸ್ಸಿಗೆ ಒಂದು ಗಂಟೆ ಬಿಡುವಿತ್ತು, ಕಾಲೇಜಿಗೆ ಹೋಗಿ ಹಾಲ್ ನೋಡಿ ಬಂದೆ. ನೋಡಬಾರದಿತ್ತು.

ಬಾಗಿಲಲ್ಲೇ ಆರ್ಕಿಟೆಕ್ಚರ್ ಹುಡುಗ ಶರಣ್. ಹಿರೇಗುಂಟನೂರಿಗೆ ಒಂದು ಬಸ್ ಸ್ಟಾಪಿನ ಮಾಡೆಲ್ ಮಾಡಿದ್ದಾನೆ, ಥರ್ಮಾಕೋಲಿನ ಬೇವಿನ ಮರ ಸಮೇತ. ಚೆಂದ ಐತೆ. "ಸಂಜೆ ನಾಕಕ್ಕೆ ಬಿಸಿಲು ಎಲ್ಲಿಗೆ ಬೀಳ್ತೈತಪ್ಪ?" ಅಂತ ಕೇಳಿದೆ. ಟಾರ್ಚು ಹಿಡಿದು ನೋಡಿದ. ಸರಿಯಾಗಿ ಬೆಂಚಿನ ಮೇಲೆ. ಸ್ಕೂಲ್ ಬಿಟ್ಟ ಮಕ್ಕಳು ಅಲ್ಲಿ ಕೂತರೆ ಹಪ್ಪಳ.

ಹುಡುಗ ಒಂದು ನಿಮಿಷ ಟಾರ್ಚನ್ನೇ ನೋಡಿದ. "ಆಂಟಿ, ನೀವು ಮೊದ್ಲೇ ಬರಬೇಕಿತ್ರಿ" ಅಂದ. ಬೇಜಾರಿಲ್ಲ ಅವನಿಗೆ. ಆಗಲೇ ಚಾಕು ತೆಗೆದು ಛಾವಣಿ ಕೊಯ್ಯುತ್ತಿದ್ದ.

ಪರರ ಮಕ್ಕಳಿಗೆ ಹೇಳುವುದು ಎಷ್ಟು ಸುಲಭ.

ಮುಂದೆ ಹೋದೆ. ಹಾಲಿನ ನಡುವೆ ಬಸ್ಸು. ನಿಜವಾದ ಬಸ್ಸಿನ ಸೀಟು, ಕಂಬಿ, ನಡುವೆ ಹನ್ನೆರಡು ಅಡಿ ಹಾದಿ. ಇಂಟೀರಿಯರ್ ಸೆಕ್ಷನ್ನಿನವರ ಕೆಲಸ. ಪ್ಲೈವುಡ್ಡಿನ ಕೆಳಗೆ ಟ್ರಾಕ್ಟರ್ ಟ್ಯೂಬು ಇಟ್ಟು ಗಾಳಿ ತುಂಬಿದ್ದಾರೆ. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ನಿಂತು ಅಲ್ಲಾಡಿಸಿದರೆ ಸಾಕ್ಷಾತ್ ಹೊಸದುರ್ಗ ರೋಡು.

ಫ್ಯಾಷನ್ನಿನವರ ರ‍್ಯಾಂಪು ಇದೇ ಅಂತೆ. ಜ್ಯೂರಿ ಸೀಟಿನಲ್ಲಿ ಕೂರುತ್ತಾರೆ, ನಾನು ಓಡುವ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಕೊಡಬೇಕು.

ಪ್ರಸನ್ನಕುಮಾರ್ ಸರ್ ಅಲ್ಲೇ ಇದ್ದರು. ನರಪೇತಲ ಮನುಷ್ಯ, ಮೆತ್ತಗೆ ಮಾತು. ಈ ಬಾಯಿಯಿಂದಲೇ ಫೇಲ್ ಬಂತಾ ಅನ್ನಿಸಿತು.

"ಬರ್ರಿ ಮೇಡಂ, ಕುಂತ್ಕಳ್ರಿ. ಕೋಟು ಹೆಂಗೈತೆ? ತೊಂದ್ರೆ ಇದ್ರೆ ಈಗ್ಲೇ ಹೇಳ್ಬಿಡ್ರಿ, ಇನ್ನೂ ಹತ್ತು ದಿನ ಐತೆ."

ಬಾಗಿಲು ತೆಗೆದು ಕೈ ತೋರಿಸಿ ಒಳಗೆ ಕರೆದ ಹಾಗೆ ಕೇಳಿದರು.

"ಸೂಪರ್ ಐತೆ ಸರ್" ಅಂದೆ.

ವಾಪಸ್ ಬರುವಾಗ ಒಂದು ಸ್ಟಾಪ್ ಕೂಗುವುದು ಮರೆತೆ. ಇಳಿಯಬೇಕಾದವರು ಬೈದರು. ಇನ್ನೂ ಬೈಯಲಿ ಅನ್ನಿಸಿತು.

ಮಾರ್ಚ್ 18, ಮಂಗಳವಾರ

ಐದು ದಿನ ಬರೆದಿಲ್ಲ. ತಪಸ್ಸಿನಲ್ಲಿದ್ದೆ.

ಪ್ಲಾನ್ ಇಷ್ಟು: ಜೇಬು ಬದಲಾಗದಿದ್ದರೆ ನಾನು ಬದಲಾಗುವುದು. ಆನಿಸದೆ ನಿಲ್ಲುವುದನ್ನು ಕಲಿಯುವುದು. ಇಪ್ಪತ್ತು ವರ್ಷದ ಅಭ್ಯಾಸ, ಹತ್ತು ದಿನದಲ್ಲಿ ಬಿಡಿಸುವುದು. ಕುಡಿತ ಬಿಡಿಸುವ ಶಿಬಿರಗಳು ಇವೆ, ಇದಕ್ಕಿಲ್ಲ.

ಮೊದಲ ದಿನ, ಚಿತ್ರಹಳ್ಳಿ ದಾಟಿದ ಮೇಲಿನ ತಿರುವಿನಲ್ಲಿ ಒಬ್ಬ ಮೇಷ್ಟರ ಮಡಿಲಿಗೆ ಕೂತೆ. ಇಬ್ಬರೂ ಕ್ಷಮೆ ಕೇಳಿದೆವು. ಎರಡನೇ ದಿನ ಸಿದ್ದಕ್ಕ ಅನ್ನುವ ಅಜ್ಜಿಯ ಮೇಲೆ. ಅವರು ಹೊಸದುರ್ಗದ ಸಂತೆಗೆ ವಾರಾ ಬರುವವರು, ಕುರಿ ಕಾಯ್ದ ಕೈ, ಹಿಡಿದರೆ ಬಿಡಲ್ಲ. ನನ್ನನ್ನು ಎತ್ತಿ ನಿಲ್ಲಿಸಿ ಬಾಯಿ ಮೂಸಿ ನೋಡಿದರು.

"ಏನವ್ವ, ಹೊತ್ತು ಮೂಡ್ತಿದ್ದಂಗೇ ಹಾಕ್ಕಂಡಿಯೇನು?"

"ಇಲ್ಲ ಅಜ್ಜಿ, ಪ್ರಾಕ್ಟೀಸ್."

"ಅದ್ಕೂ ಪ್ರಾಕ್ಟೀಸ್ ಬೇಕೇನೆ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. 

ತಿಪ್ಪೇರುದ್ರಪ್ಪನವರು ಕನ್ನಡಿಯಲ್ಲಿ ನೋಡಿರಬೇಕು. ನಿನ್ನೆಯಿಂದ ಬ್ರೇಕನ್ನು ಮೊಟ್ಟೆ ಮುಟ್ಟಿದ ಹಾಗೆ ಮುಟ್ಟುತ್ತಾರೆ. ಪ್ರತಿ ಟ್ರಿಪ್ಪೂ ಎಂಟು ನಿಮಿಷ ಲೇಟು. ಜನ ಅವರನ್ನು ಬೈಯುತ್ತಾರೆ, ಅವರು ರಸ್ತೆ ನೋಡುತ್ತಾರೆ. ಯಾಕೆ ನಿಧಾನ ಅಂತ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೇಳಿದರೆ ಆ ಮನುಷ್ಯ ಕಾರಣ ಕೂಡ ಹೇಳುವುದಿಲ್ಲ. ನನ್ನ ಒಂದು ಸುಳ್ಳಿಗೆ ಈಗ ಒಂದು ಬಸ್ಸು ಜನ ಲೇಟಾಗುತ್ತಿದ್ದಾರೆ.

ಇವತ್ತು ಮಾತ್ರ ದುರ್ಗದಿಂದ ಹೊಳಲ್ಕೆರೆವರೆಗೆ ಎರಡೇ ಸಲ ಆನಿಸಿದೆ. ಆಗಬಹುದು. ಎರಡು ನಿಮಿಷದ ಆಟ ತಾನೇ ಅಲ್ಲಿ... ಆಗಬಹುದು.

ಮಾರ್ಚ್ 20, ಗುರುವಾರ. ಬೆಳಿಗ್ಗೆ 5

ಕೋಟು ಮುಗಿದಿದೆ. ಗೋಡೆಗೆ ನೇತು ಹಾಕಿದ್ದಾಳೆ. ಮಡಿಸಿದರೆ ಗೆರೆ ಬೀಳುತ್ತದಂತೆ. ಖಾಕಿ ಇಷ್ಟು ಚೆಂದ ಅಂತ ನನಗೆ ಗೊತ್ತಿರಲಿಲ್ಲ. ಜೇಬಿಗೆ ಎರಡು ಸುತ್ತು ಹೊಲಿಗೆ, ಮೂಲೆಗೆ ಕೆಂಪು ದಾರದ ಗಂಟು.

ಕುಂಕುಮ ಇಟ್ಟುಕೊಳ್ಳುವಾಗ ಹಿಂದೆ ಬಂದು ನಿಂತಳು. ತಲೆ ಕೆದರಿದೆ, ಹಲ್ಲುಜ್ಜಿಲ್ಲ.

"ಅಮ್ಮ, ನಿಂಗೆ ಹಿಡಿಸ್ತಾ? ಮಾರ್ಕ್ಸ್ ಬಿಡು. ನಿಜ ಹೇಳು."

ಇದಕ್ಕಿಂತ ಸರಿಯಾಗಿ ಯಾರೂ ಕೇಳಲಾರರು.

"ಹೂಂ" ಅಂದೆ. ಕನ್ನಡಿಯಲ್ಲಿರುವವಳು ಕೂಡ ಹೂಂ ಅಂದಳು. ಇಬ್ಬರೂ ಸುಳ್ಳರು.

ಮಾರ್ಚ್ 22, ಶನಿವಾರ. ಬೆಳಿಗ್ಗೆ 10:15, ಕಾಲೇಜು

ರಜೆ ಸಿಕ್ಕಿದೆ. ಗ್ರೀನ್ ರೂಮ್ ಅಂದರೆ ಲ್ಯಾಬು. ಸುತ್ತ ಹತ್ತು ಜನ ಅಮ್ಮಂದಿರು, ಅಪ್ಪಂದಿರು. ದಿನಾ ಬಸ್ಸು ಹತ್ತುವ ನರ್ಸು ಒಬ್ಬರು, ಸ್ಟ್ಯಾಂಡಿನಲ್ಲಿ ಹೂ ಮಾರುವವರು ಒಬ್ಬರು, ಬಸ್ಸಿಗೆ ಕೈ ತೋರಿಸುವ ಟ್ರಾಫಿಕ್ ಪೊಲೀಸು ಒಬ್ಬರು. ಎಲ್ಲರೂ ಹೊಸ ಬಟ್ಟೆಯಲ್ಲಿ ಮದುವೆಗೆ ಬಂದು ಮನೆ ತಪ್ಪಿದವರ ಹಾಗೆ ಕೂತಿದ್ದೇವೆ. ಟ್ರಾಫಿಕ್ ಪೊಲೀಸಪ್ಪ ನಡುಗುತ್ತಿದ್ದಾರೆ.

ನಾನು ನಡುಗುತ್ತಿಲ್ಲ. ಬರೆಯುವಾಗ ಅಕ್ಷರ ಹೀಗೇ ಬರುವುದು.

ಎಡಗಾಲಿಗೆ ಭಾರ ಬಿಡಬಾರದು. ಎಡಗಾಲಿಗೆ ಭಾರ ಬಿಡಬಾರದು. ಆನಿಸಬಾರದು. ಹೆಸರು ಕರೆಯುತ್ತಿದ್ದಾರೆ.

ಅದೇ ದಿನ, ಸಂಜೆ 5

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತಿದೆ. ಸೀಟು ತುಂಬ ಹುಡುಗರು, ಮುಂದಿನ ಸೀಟಿನಲ್ಲಿ ದಾವಣಗೆರೆಯಿಂದ ಬಂದ ಜ್ಯೂರಿ ಮೇಡಂ, ಅವರ ಎದುರು ಸಾಲಿನಲ್ಲಿ ಟೈ ಕಟ್ಟಿದ ಇನ್ನೊಬ್ಬ ಜ್ಯೂರಿ ಸರ್. ನಾಲ್ಕು ಮೂಲೆಯವರು ಅಲ್ಲಾಡಿಸತೊಡಗಿದರು. ಗೇರ್ ಬದಲಿಸುವ ಶಬ್ದ ಕೂಡ ಯಾರೋ ಬಾಯಲ್ಲಿ ಮಾಡುತ್ತಿದ್ದರು. ಸಹನಾ ಪಕ್ಕದಲ್ಲಿ ನೆಲದ ಮೇಲೆ ನಿಂತಿದ್ದಳು, ಎರಡೂ ಕೈ ಬಾಯಿಗೆ ಒತ್ತಿಕೊಂಡು.

ಮೊದಲ ಟಿಕೆಟ್, ಆನಿಸದೆ. ಎರಡನೆಯದು, ಆನಿಸದೆ. ಬೆನ್ನು ನೆಟ್ಟಗೆ. ಮೂರನೆಯದಕ್ಕೆ ಮಿಷನ್ ಜೇಬಿಗೆ ಹಾಕಿದೆ, ಎರಡೂ ಕೈಯಲ್ಲಿ ಜನರ ಕಾರ್ಡು. ಮಿಷನ್ ಅಂದರೆ ಗ್ರಾಫಿಕ್ಸ್‌ನವರು ಮರದಲ್ಲಿ ಮಾಡಿದ್ದು, ನಿಜವಾದಷ್ಟೇ ಭಾರ. ಮೇಡಂ, "ಭೀಮಸಮುದ್ರ ಒಂದು" ಅಂದರು. ಆಗ ಮೂಲೆಯ ನಾಲ್ವರಿಗೆ ಉತ್ಸಾಹ ಬಂತು.

ನಾನು ನಿರ್ಧಾರ ಮಾಡಲಿಲ್ಲ. ಸೊಂಟವೇ ಮಾಡಿತು.

ಟೈ ಸರ್ ಸೀಟಿನ ಅಂಚಿಗೆ ಹೋಗಿ ಕೂತಿತು, ಪೂರ್ತಿ ಭಾರದಲ್ಲಿ. ನಡುವೆ ಜೇಬು. ಮಿಷನ್ನಿನ ಮೂಲೆ ಅವರ ಭುಜಕ್ಕೆ, ಹೊಲಿಗೆ ಪರಪರ ಅಂತ, ಮಿಷನ್ ಅವರ ಮಡಿಲಿಗೆ. ಅವರು ಹಿಡಿದುಕೊಂಡರು. ಮಗು ಹಿಡಿದ ಹಾಗೆ.

ಬಸ್ಸು ನಿಂತಿತು. ಗೇರಿನ ಶಬ್ದ ಮಾಡುತ್ತಿದ್ದವನು ಕೂಡ ನಿಲ್ಲಿಸಿದ.

ಮೇಡಂ ಕೇಳಿದರು, "ಯಾಕ್ ಹಂಗ್ ವಾಲಿದ್ರಿ?"

"ಹಂಗೇ ನಿಲ್ಲೋದು ಮೇಡಂ."

"ಇವತ್ತಾ, ದಿನಾನಾ?"

"ದಿನಾ."

"ಮತ್ತೆ ಜೇಬು ಅಲ್ಲಿ ಯಾಕೈತೆ?"

ಎಲ್ಲರೂ ಸಹನಾ ಕಡೆ ತಿರುಗಿದರು. ಅವಳು ನನ್ನನ್ನು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಹುಡುಕುವವರ ಮುಖ.

"ಅವ್ಳದ್ದು ತಪ್ಪಿಲ್ರಿ," ಅಂದೆ. ಬಸ್ಸಿನ ಬಾಯಿ ಬರಲಿಲ್ಲ, ಮನೆಯ ಬಾಯಿಯೂ ಅಲ್ಲ, ಯಾವುದೋ ಸಣ್ಣ ದನಿ. "ಬಸ್ಸಿಗೆ ಬಂದು ನೋಡ್ತೀನಿ ಅಂದ್ಲು, ನಾನೇ ಬ್ಯಾಡ ಅಂದೆ. ಹೆಂಗ್ ನಿಂತ್ಕಂತಿ ಅಂದ್ಲು, ನೆಟ್ಟಗೆ ನಿಂತು ತೋರಿಸ್ದೆ. ಇಪ್ಪತ್ತು ದಿನದಿಂದ ಗೊತ್ತಿತ್ತು ನಂಗೆ. ಹೇಳ್ಲಿಲ್ಲ."

 ಸಹನಾ ಕತ್ತರಿ ತಗೊಂಡು ಬಸ್ಸು ಹತ್ತಿದಳು. ನನ್ನ ಮುಖ ನೋಡಲಿಲ್ಲ. ಜೇಬಿಗೆ ಇನ್ನೂ ಉಳಿದಿದ್ದ ಹೊಲಿಗೆಯನ್ನು ಕಟ್ ಕಟ್ ಅಂತ ಕತ್ತರಿಸಿ ಕಿತ್ತು ಸೀಟಿನ ಮೇಲಿಟ್ಟಳು. ಕೆಂಪು ಗಂಟಿನ ಕಡೆ ಒಮ್ಮೆ ನೋಡಿದಳು ಅಷ್ಟೆ.

"ಇನ್ನೊಂದು ಸಲ ಆನಿಸ್ಕಳಮ್ಮ." ಆಮೇಲೆ ಮೂಲೆಯವರಿಗೆ, "ಲೇ, ಜೋರಾಗಿ ಅಲ್ಲಾಡ್ಸ್ರಪ್ಪ."

ಅಲ್ಲಾಡಿಸಿದರು. ಆನಿಸಿದೆ. ಅವಳು ಮಂಡಿಯೂರಿ ಚಾಕ್‌ಪೀಸಿನಲ್ಲಿ ಕೋಟಿನ ಮೇಲೆ ಗುರುತು ಹಾಕಿದಳು. ಸೀಟಿನ ಮೇಲೂ. ಮತ್ತೆ, ಮತ್ತೆ. ಟೈ ಸರ್ ಭುಜ ತಿಕ್ಕಿಕೊಳ್ಳುತ್ತಾ ತಮ್ಮ ಪೆನ್ನು ಕೊಟ್ಟರು. ಎರಡು ನಿಮಿಷ ಅಂತ ಇದ್ದದ್ದು ಇಪ್ಪತ್ತು ನಿಮಿಷ ಆಯಿತು. ಟ್ರಾಫಿಕ್ ಪೊಲೀಸಪ್ಪ ಬಾಗಿಲಲ್ಲಿ ಕಾಯುತ್ತಾ ನಡುಗುವುದನ್ನೇ ಮರೆತಿದ್ದರು.

ಪ್ರಸನ್ನಕುಮಾರ್ ಸರ್ ಕೊನೆಗೆ ಬಂದರು. ಅದೇ ಮೆತ್ತಗಿನ ದನಿ. "ಇದು ಮುಗಿದ ಕೆಲ್ಸ ಅಲ್ಲಮ್ಮ. ಮಾರ್ಕ್ಸ್ ಹಾಕಾಕೆ ಬರಲ್ಲ. ಈಗ ಶುರು ಆಗೈತೆ ಅಷ್ಟೆ." ಏಪ್ರಿಲ್ 5ರವರೆಗೆ ಟೈಮ್ ಕೊಟ್ಟಿದ್ದಾರೆ. ಆವತ್ತು ಮತ್ತೆ ತರಬೇಕು. ಪಾಸೂ ಇಲ್ಲ, ಫೇಲೂ ಇಲ್ಲ. ಜೇಬಿಲ್ಲದ ಕೋಟನ್ನು ಚಾಕಿನ ಗುರುತು ಸಮೇತ ನಾಳೆಯವರೆಗೂ ಹಾಲಿನಲ್ಲೇ ನೇತು ಹಾಕಿದ್ದಾರೆ. ಜನ ನವಿಲು ನೋಡಿದ ಹಾಗೆ ನಿಂತು ನೋಡುತ್ತಿದ್ದರು.

 ಮನೆಗೆ ಬಂದು ಚಪ್ಪಲಿ ಬಿಡುವಾಗ ಕೇಳಿದಳು.

"ಯಾಕ್ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗ್ತೈತೆ ಅಂತ."

"ಆತು."

"...ಈಗ?"

"ಈಗ ಟೈಮಿಲ್ಲ. ಹದಿನಾಲ್ಕು ದಿನ ಐತೆ. ಸೋಮವಾರ ನಿನ್ನ ಬಸ್ಸಿಗೆ ಬರ್ತೀನಿ." ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟಳು. "ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಮಾರ್ಚ್ 24, ಸೋಮವಾರ. 10:20, ಹೊಸದುರ್ಗ ಬಸ್ ಸ್ಟ್ಯಾಂಡ್

ಹದಿನೈದು ನಿಮಿಷ ಬಿಡುವು. ಬೇಗ ಬರೆಯುತ್ತೇನೆ.

ಬೆಳಿಗ್ಗೆ ಆರಕ್ಕೆ ಹತ್ತಿದ್ದಾಳೆ. ಮೂರನೇ ಸೀಟು, ಪುಸ್ತಕ, ಪೆನ್ನು. ಜೀರೋ ಟಿಕೆಟ್ ಕೊಟ್ಟೆ, ಆಧಾರ್ ತೋರಿಸಿದಳು, ಇಬ್ಬರೂ ಗಂಭೀರ. ತಿಪ್ಪೇರುದ್ರಪ್ಪನವರು ಕನ್ನಡಿ ಅವಳ ಕಡೆ ತಿರುಗಿಸಿ, "ಬಾಮ್ಮ" ಅಂದರು. ನನ್ನ ಕೋಟಾ ಬೇರೆ, ಅವಳ ಕೋಟಾ ಬೇರೆ ಅಂತ ಕಾಣುತ್ತದೆ. ಬ್ರೇಕು ಮತ್ತೆ ಹಳೆಯ ಹಾಗೆ ಹಾಕತೊಡಗಿದರು.

ಫುಟ್‌ಬೋರ್ಡಿನವರಿಗೆ ಬಾಯಿ ಬಿಟ್ಟೆ. ಬಿಡದೆ ಇರಲಾಗಲಿಲ್ಲ. ಅವಳು ತಲೆ ಎತ್ತಲಿಲ್ಲ, ಆದರೆ ಎರಡು ಮಾತು ಬರೆದುಕೊಂಡಳು. ಅದು ಕೋಟಿಗೆ ಯಾಕೆ ಬೇಕೋ ದೇವರಿಗೇ ಗೊತ್ತು.

ಇಲ್ಲಿ ಇಳಿದ ಮೇಲೆ, "ಜೇಬಿನ ಮಾತು ಆಮೇಲೆ. ಆನಿಸೋ ಜಾಗಕ್ಕೇ ಒಳಗೆ ದಪ್ಪಗೆ ಏನಾದ್ರೂ ಹಾಕ್ಬೇಕು. ಸರಿಯಾಗಿ ಎಲ್ಲಿ ತಾಗ್ತೈತೆ, ತೋರ್ಸು" ಅಂದಳು. ಲೇಡೀಸ್ ರೂಮಿಗೆ ಹೋದೆವು. ತೋರಿಸಿದೆ.

ಇದನ್ನು ಈ ಪುಸ್ತಕದಲ್ಲೂ ಬರೆದಿರಲಿಲ್ಲ. ಎಡ ಸೊಂಟದ ಎಲುಬಿನ ಮೇಲೆ ಅಂಗೈಯಷ್ಟಗಲ ಕಪ್ಪು. ತವೆಯ ತಳದ ಹಾಗೆ, ಮುಟ್ಟಿದರೆ ಗಟ್ಟಿ. ನಮ್ಮನೆಯವರಿಗೆ ಕೂಡ ಯಾವಾಗಲೋ ಬಿದ್ದ ಗಾಯದ ಕಲೆ ಅಂತಲೇ ಹೇಳಿದ್ದೇನೆ, ನಂಬಿದ್ದಾರೆ.

ಅವಳು ಬಹಳ ಹೊತ್ತು ನೋಡಿದಳು. ಏನಾದರೂ ತಮಾಷೆ ಮಾಡೋಣ ಅಂದುಕೊಂಡೆ, ಬರಲಿಲ್ಲ.

"ನೋಯ್ತೈತಾ?"

"ಈಗಿಲ್ಲ. ಮೊದಲನೇ ವರ್ಷ ನೋಯ್ತಿತ್ತು."

"ಬೇರೆ ಲೇಡಿ ಕಂಡಕ್ಟರಿಗೂ ಐತಾ?"

ಗೊತ್ತಿಲ್ಲ ಅಂದೆ. ಸತ್ಯ. ಇಪ್ಪತ್ತು ವರ್ಷದಲ್ಲಿ ಸಂಬಳ, ಗಂಡ, ಮಂಡಿ ನೋವು, ರಜೆ ಎಲ್ಲ ಮಾತಾಡಿದ್ದೇವೆ. ಇದನ್ನು ಯಾರೂ ಯಾರಿಗೂ ಕೇಳಿಲ್ಲ.

"ಹಂಗಾರೆ ಕೇಳು" ಅಂದಳು. ಪುಸ್ತಕ ತೆರೆದು ಖಾಲಿ ಹಾಳೆ ತಿರುವಿ, ಪೆನ್ನಿನ ಮುಚ್ಚಳ ತೆಗೆದು, ಕಾಯುತ್ತಾ ಕೂತಿದ್ದಾಳೆ. ನನ್ನ ಪಕ್ಕದಲ್ಲೇ, ಕಲ್ಲುಬೆಂಚಿನ ಮೇಲೆ.

ಆ ಕಡೆ ಪ್ಲಾಟ್‌ಫಾರಂನಲ್ಲಿ ಹಿರಿಯೂರು ಬಸ್ಸು ನಿಂತಿದೆ. ಅದರ ಕಂಡಕ್ಟರ್ ರೇಣುಕಮ್ಮ, ನಾನು ಸೇರಿದ ವರ್ಷವೇ ಸೇರಿದವಳು, ಬಾಟ್ಲಿಗೆ ನೀರು ತುಂಬಿಕೊಂಡು ಈ ಕಡೆಗೇ ಬರುತ್ತಿದ್ದಾಳೆ. ಆಗಲೇ ನಗುತ್ತಿದ್ದಾಳೆ, ನನ್ನ ಮಗಳನ್ನು ನೋಡಿ. ಹೇಗೆ ಶುರು ಮಾಡುವುದು? ರೇಣುಕಾ, ನಿನ್ನ ಎಡಗಡೆ... ಅಲ್ಲ. ರೇಣುಕಾ, ಒಂದು ಮಾತು ಕೇಳ್ತೀನಿ, ನಗಬಾರದು... ಅದೂ ಅಲ್ಲ. ಹತ್ತಿರ ಬಂದಳು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಾಳೆ, ನಾನು ಇವತ್ತೇ ನೋಡಿದ್ದು... ಕೇಳುತ್ತೇನೆ.